ದಂತದ ಮೇಲಿನ ಎಂಜಲು

ದೇಸಾ ತಲೆಗೆ ಕಪ್ಪು ವಸ್ತ್ರ ಬಿಗಿಯುತ್ತಿದ್ದಳು, ಗಂಟು ಕೂಡುತ್ತಿರಲಿಲ್ಲ. ಬೆರಳು ಇಲ್ಲಿದ್ದವು, ಮನಸ್ಸು ಆಗಲೇ ಇಗರ್ಜಿಯೊಳಗೆ ಹೋಗಿ ಗಂಡಸರ ಸಾಲು ಮುಗಿದು ಹೆಂಗಸರ ಸಾಲು ಶುರುವಾಗುವ ಆ ತುಂಡು ಬರಿನೆಲದ ಮೇಲೆ ನಿಂತುಬಿಟ್ಟಿತ್ತು. ಒಂದು ಚಾಪೆ ಹಾಸಿದರೆ ಮುಚ್ಚಿಹೋಗುವಷ್ಟು ನೆಲ. ಅದರ ಆ ಕಡೆ ಗಂಡಸರ ಸಾಲಿನ ಕಟ್ಟಕಡೆಯವನಾಗಿ ರಾದೋಶ್ ನಿಲ್ಲುತ್ತಾನೆ, ಪ್ರಾಯಶ್ಚಿತ್ತ ಮುಗಿಯುವವರೆಗೆ ಅವನ ಜಾಗ ಅದೇ ಎಂದು ಪಾದ್ರಿ ವಿಧಿಸಿದ್ದಾರೆ. ಈ ಕಡೆ ಹೆಂಗಸರ ಸಾಲಿನ ಮೊದಲನೆಯವಳಾಗಿ ಅವಳು ನಿಲ್ಲುತ್ತಾಳೆ. ಅತ್ತೆ ನಿಂತಿದ್ದ ಜಾಗ, ಅತ್ತೆಯ ಅತ್ತೆ ನಿಂತಿದ್ದ ಜಾಗ. ಇಗರ್ಜಿಯ ಚಾಕರಿಯ ಮುದುಕ ಬಾರ್ತುಲ್ ಸಮಾಧಾನದ ದಂತವನ್ನು, ಶಿಲುಬೆ ಕೆತ್ತಿದ ಆ ಪುಟ್ಟ ಹಲಗೆಯನ್ನು, ಎರಡೂ ಕೈಯಲ್ಲಿ ಹಿಡಿದು ಬರುತ್ತಾನೆ. ಬಲಿಪೀಠದಲ್ಲಿ ಪಾದ್ರಿ ಮೊದಲು ಮುತ್ತಿಡಬೇಕು, ಆಮೇಲೆ ಊರಿನ ಗಂಡಸರು ಹಿರಿತನದ ಪ್ರಕಾರ ಒಬ್ಬೊಬ್ಬರಾಗಿ, ಆಮೇಲೆ ಹೆಂಗಸರು. ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ದೇವರ ಸಮಾಧಾನ ಹಾಗೆ ಸಾಗಬೇಕು. ಹಾಗಾದರೆ ಅವಳ ಪಾಲಿನ ಸಮಾಧಾನ ಅವಳಿಗೆ ತಲುಪಬೇಕಾದರೆ ಅವಳ ಮಗನನ್ನು ಕೊಂದವನ ಬಾಯಿಂದಲೇ ಬರಬೇಕು.

ರಾದೋಶ್ ವೆನಿಸಿನವರ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ ಮುಗಿಸಿ ದ್ರಾಕ್ಷಿ ಕೊಯ್ಯುವ ಕಾಲಕ್ಕೆ ದ್ವೀಪಕ್ಕೆ ಮರಳಿದ್ದ. ಅಂದಿನಿಂದ ದೇಸಾ ಒಂದೊಂದು ಭಾನುವಾರಕ್ಕೆ ಒಂದೊಂದು ನೆಪ ಹುಡುಕಿದ್ದಳು. ಒಮ್ಮೆ ಜ್ವರ, ಒಮ್ಮೆ ಕುರಿ ಈಯುವುದಿತ್ತು, ಒಮ್ಮೆ ಉಸಿರು ಕಟ್ಟುತ್ತದೆಂದು ಬಾಗಿಲ ಬಳಿಯೇ ನಿಂತಳು. ನೆಪಗಳೆಲ್ಲ ತೀರಿದ ಮೇಲೆ, ಹೋದ ವಾರ, ತನ್ನ ಜಾಗದಲ್ಲಿ ನಿಂತಳು. ಬಾರ್ತುಲ್ ದಂತ ಹಿಡಿದು ಎದುರಿಗೆ ಬಂದ. ಅವಳ ಮುಖ ತಾನಾಗಿ ಗೋಡೆಯ ಕಡೆ ತಿರುಗಿತು. ಬಾರ್ತುಲ್ ಕಾದ. ಯಾರದೋ ಮಗು ಬಿಕ್ಕಳಿಸುತ್ತಿತ್ತು. ಆಗ ಅವಳ ಭುಜದ ಮೇಲಿಂದ ಓರಗಿತ್ತಿ ಮಾರುಷಾಳ ಕತ್ತು ಬಾತುಕೋಳಿಯ ಹಾಗೆ ಚಾಚಿಕೊಂಡು ಬಂದು, ಚಪ್ ಎಂದು ಮುತ್ತಿಟ್ಟು ಹಿಂದೆ ಸರಿದಿತ್ತು. ಆ ಸದ್ದು ಈ ವಾರವೆಲ್ಲ ಕಿವಿಯಲ್ಲಿದೆ. ಮಗನ ಸಾವಿಗಿಂತ ಆ ಸದ್ದೇ ಹೆಚ್ಚು ಕಾಡಿತಲ್ಲ ಎಂದು ನಾಚಿಕೆಯಾಗುತ್ತದೆ, ನಾಚಿಕೆಯಾದರೂ ಕಾಡುವುದು ನಿಲ್ಲುವುದಿಲ್ಲ.

"ಅಕ್ಕಾ, ತಯಾರಾದ್ಯಾ?" ಮಾರುಷಾ ಅಂಗಳದಿಂದಲೇ ಕೂಗಿದಳು. ಒಂದೇ ಅಂಗಳ, ಎದುರುಬದುರು ಬಾಗಿಲು. "ಗಾಳಿ ಜೋರಿದೆ. ತಲೆನೋವು ಅಂತಿದ್ಯಲ್ಲ, ಹಿಂದೆ ಎಲ್ಲಾದ್ರೂ ಕೂತ್ಕೊ ಬೇಕಾದ್ರೆ. ಮುಂದೆ ನಾನು ನಿಲ್ತೀನಿ."

"ನನ್ನ ತಲೆ ನೋವಿಗೆ ನಿನ್ನ ಕಾಲಿಗೇನೇ ಅಷ್ಟು ಅವಸರ?"

"ಒಳ್ಳೇದಕ್ಕೆ ಹೇಳಿದ್ದು. ಹೋದ ವಾರದ ಹಾಗಾದ್ರೆ ಮತ್ತೆ ಊರೆಲ್ಲ ಆಡ್ಕೊಳತ್ತೆ."

"ಊರಿಗೆ ಆಡ್ಕೊಳ್ಳೋಕೆ ನಿನ್ನ ಕತ್ತೇ ಸಾಕು. ಕೊಕ್ಕರೆಗೂ ಅಷ್ಟು ಉದ್ದ ಇರಲ್ಲ."

ಮಾರುಷಾ ನಕ್ಕಳು. ಅವಳು ಕೆಟ್ಟವಳಲ್ಲ, ಅದೇ ಕಷ್ಟ. ಕೆಟ್ಟವಳಾಗಿದ್ದರೆ ದ್ವೇಷಿಸಿ ಮುಗಿಸಬಹುದಿತ್ತು. ಮಗ ಲೂಕ್ಷಾ ಸತ್ತಾಗ ದೇಸಾಳಿಗೆ ಗಂಜಿ ಕುಡಿಸಿದವಳು ಇವಳೇ. ಇವಳ ಗಂಡ, ದೇಸಾಳ ಮೈದುನ ಯೂರಾಯ್, ಚೌಕದಲ್ಲಿ ಎಲ್ಲರೆದುರು ರಾದೋಶನ ಕೆನ್ನೆಗೆ ಮುತ್ತಿಟ್ಟು ಎರಡು ಮನೆಗಳ ಹಗೆ ಮುಗಿಯಿತೆಂದು ಪ್ರಮಾಣ ಮಾಡಿದವನು. ದೇಸಾಳ ಗಂಡ ತೀರಿದ ಮೇಲೆ ಮನೆಯ ಗಂಡಸು ಅವನು, ಪ್ರಮಾಣ ಅವನದೇ. ದೇಸಾಳನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ಹೊತ್ತಿನಲ್ಲಿ ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಗಂಟೆ ಬಾರಿಸಿದಾಗ ಎಲ್ಲೋ ಹಡಗು ಬಂದಿರಬೇಕು ಅಂದುಕೊಂಡಿದ್ದಳು.

ಹೊರಗೆ ಬೂರಾ ಗಾಳಿ ಬೋಳು ಬೆಟ್ಟದಿಂದ ಇಳಿದು ಸಮುದ್ರವನ್ನು ಕೆರೆದು ಎಬ್ಬಿಸುತ್ತಿತ್ತು. ಚಳಿಗಾಲದ ಬೂರಾ ನೀರಿನ ತುಂತುರನ್ನು ಎತ್ತಿ ಊರಿನ ಮೇಲೆಲ್ಲ ಒಗೆಯುತ್ತದೆ. ಕಲ್ಲು, ಬಾಗಿಲು, ರೆಪ್ಪೆ, ತುಟಿ ಎಲ್ಲದರ ಮೇಲೂ ಉಪ್ಪು. ತುಟಿ ನೆಕ್ಕಿಕೊಳ್ಳುತ್ತ ಇಗರ್ಜಿಯ ದಾರಿ ಹತ್ತುವಾಗ ಅವಳಿಗೆ ತಾನು ಏನು ಮಾಡಲಿದ್ದೇನೆಂದು ಇನ್ನೂ ಗೊತ್ತಿರಲಿಲ್ಲ. ವಾರದ ನಡುವೆ ಪಾದ್ರಿ ಗ್ರಗುರ್ ಮನೆಗೆ ಬಂದಿದ್ದರು. ಅವರ ಮುಂದೆ ಬಾರ್ಲಿ ರೊಟ್ಟಿ, ಕುರಿಹಾಲಿನ ಗಿಣ್ಣು ಇಟ್ಟಿದ್ದಳು. ಅವರು ಗಿಣ್ಣಿನ ತುಂಡನ್ನು ಬಾಯಿಗೆ ಹಾಕಿಕೊಂಡೇ ಹೇಳಿದ್ದರು: "ನೀನು ಮುಖ ತಿರುಗಿಸಿದ್ದು ರಾದೋಶನಿಗಲ್ಲ ದೇಸಾ, ಕ್ರಿಸ್ತನಿಗೆ."

"ನಾನು ಯಾರಿಗೆ ತಿರುಗಿಸಿದ್ದು ಅಂತ ನನಗೆ ಗೊತ್ತು ಗುರುಗಳೇ."

"ಅವನ ಶಿಕ್ಷೆ ಮುಗೀತು. ಯೂರಾಯ್ ರಾಜಿ ಮಾಡಿಕೊಂಡ."

"ಯೂರಾಯ್ ಹೆತ್ತಿರಲಿಲ್ಲವಲ್ಲ."

ಪಾದ್ರಿ ಜಗಿಯುವುದನ್ನು ನಿಲ್ಲಿಸಿದ್ದರು. "ಮರಿಯಮ್ಮನೂ ಹೆತ್ತಿದ್ದಳು," ಅಂದಿದ್ದರು ಮೆಲ್ಲಗೆ. "ನೋಡು, ಒತ್ತಾಯ ಮಾಡಲ್ಲ. ಆದ್ರೆ ಸಮಾಧಾನ ಬೇಡ ಅಂದವರಿಗೆ ಪಾಸ್ಕ ಹಬ್ಬದಲ್ಲಿ ಪರಮಪ್ರಸಾದ ಕೊಡೋಕೆ ನನ್ನ ಕೈ ಬರಲ್ಲ. ಅದು ನಿಯಮ." ಆಮೇಲೆ, ಹೋಗುವ ಮುಂಚೆ, ಉಳಿದ ಗಿಣ್ಣನ್ನು ಕಟ್ಟಿಕೊಡು ಅಂದಿದ್ದರು. ಅವರು ಹೋದ ಮೇಲೆ ಅವಳು ಅವರ ತಟ್ಟೆಯನ್ನು ನೋಡುತ್ತ ಕೂತಿದ್ದಳು. ಅವರು ಕಚ್ಚಿ ಬಿಟ್ಟ ರೊಟ್ಟಿಯ ಚೂರು. ಅದನ್ನು ಕೋಳಿಗೆ ಹಾಕಿದಳು. ಲೂಕ್ಷಾ ಬಿಟ್ಟದ್ದನ್ನು ಎಂದಾದರೂ ಕೋಳಿಗೆ ಹಾಕಿದ್ದಳೇ? ಅವನು ಕಚ್ಚಿದ ಅಂಜೂರ, ಅವನು ಅರ್ಧ ಕುಡಿದ ಹಾಲು, ಅವನ ಜೊಲ್ಲು ತಾಗಿ ಮೆತ್ತಗಾದ ರೊಟ್ಟಿ, ಎಲ್ಲ ತಾನೇ ತಿಂದಳು, ಎಂಜಲು ಎಂಬ ಮಾತು ಮನಸ್ಸಿಗೆ ಬರದೆ. ಆ ಹುಡುಗನ ಪಕ್ಕದಲ್ಲಿ ಅದೇ ಬೆಂಚಿನ ಮೇಲೆ ಕೂತು ರಾದೋಶನೂ ಉಣ್ಣುತ್ತಿದ್ದ. ಅವನ ಅಮ್ಮ ಹೆರಿಗೆಯಲ್ಲೇ ತೀರಿದ್ದಳು. ಅವನ ತಟ್ಟೆಯಲ್ಲಿ ಉಳಿದದ್ದನ್ನೂ ತಿಂದಿರಬೇಕು ತಾನು, ಎಷ್ಟೋ ಸಲ.

ಇಗರ್ಜಿಯ ಒಳಗೆ ಕಾಲಿಟ್ಟೊಡನೆ ಗಾಳಿಯ ಸದ್ದು ಹೊರಗೇ ಉಳಿಯಿತು. ಮೇಣದ ವಾಸನೆ, ಒದ್ದೆ ಉಣ್ಣೆಯ ವಾಸನೆ. ಗಂಡಸರು ಮುಂದೆ, ಹೆಂಗಸರು ಹಿಂದೆ. ದೇಸಾ ತನ್ನ ಜಾಗಕ್ಕೆ ಹೋಗಿ ನಿಂತಳು. ಧೈರ್ಯದಿಂದ ನಿಂತದ್ದಲ್ಲ, ಹಿಂದೆ ನಿಂತರೆ ಮಾರುಷಾ ಮುಂದೆ ನಿಲ್ಲುತ್ತಾಳೆ ಎಂಬುದಕ್ಕೆ ನಿಂತದ್ದು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದೇವರಿಗೂ ಗೊತ್ತಿರಬೇಕು. ಆ ಕಡೆ ರಾದೋಶನ ಬೆನ್ನು ಕಾಣುತ್ತಿತ್ತು. ಹುಟ್ಟು ಹಾಕಿ ಹಾಕಿ ಭುಜ ಎರಡು ಕಡೆಗೂ ಉಬ್ಬಿ, ನಡುವೆ ಕತ್ತು ಒಣಗಿದ ಕಡ್ಡಿಯ ಹಾಗೆ ಉಳಿದಿತ್ತು. ಕಿವಿಗಳು ಮಾತ್ರ ಹಾಗೆಯೇ ಇದ್ದವು, ಹೊರಗೆ ಚಾಚಿಕೊಂಡು. ಆ ಕಿವಿ ಹಿಡಿದು ತಾನು ಎಷ್ಟು ಸಲ ಅವನನ್ನು ಅಂಜೂರದ ಮರದಿಂದ ಇಳಿಸಿದ್ದಳು. ಮೂರು ವರ್ಷದ ಹಿಂದೆ, ಬೇಸಿಗೆಯ ಕೊನೆಗೆ, ಉಪ್ಪಿನ ಮಡಿಯ ತೂಬನ್ನು ಯಾರು ಮುಚ್ಚದೆ ಬಿಟ್ಟರು ಎಂಬುದಕ್ಕೆ ಲೂಕ್ಷಾನಿಗೂ ಅವನಿಗೂ ಜಗಳ. ನೀನು ಅಂತ ಇವನು, ನೀನೇ ಅಂತ ಅವನು. ಮಾತಿಗೆ ಮಾತು. ರಾದೋಶ್ ಕೈಯಲ್ಲಿದ್ದ ಉಪ್ಪೆಳೆಯುವ ಮರದ ಗೋರೆಯನ್ನು ಬೀಸಿದ. ಸಾಯುವ ಪೆಟ್ಟೇನಲ್ಲ, ನೋಡಿದವರೆಲ್ಲ ಹಾಗೇ ಹೇಳಿದರು. ಲೂಕ್ಷಾ ಹಿಂದಕ್ಕೆ ಬಿದ್ದಲ್ಲಿ ಮಡಿಯ ಅಂಚಿನ ಕಲ್ಲಿತ್ತು. ರಾದೋಶ್ ಓಡಿಹೋಗಲಿಲ್ಲ. ಹೆಗಲ ಮೇಲೆ ಹೊತ್ತು ತಂದು ಅವಳ ಹೊಸಿಲ ಮೇಲೆ ಇಳಿಸಿದ. ಲೂಕ್ಷಾನ ಕೂದಲಲ್ಲಿ ಉಪ್ಪಿನ ಹರಳುಗಳಿದ್ದವು, ಬಿಸಿಲಿಗೆ ಮಿನುಗುತ್ತಿದ್ದವು. ಅವಳು ಮೊದಲು ಅವನ್ನು ಕೊಡವಿದ್ದಳು, ಇಷ್ಟು ಕೊಳೆ ಮಾಡಿಕೊಂಡು ಬಂದಿದ್ದೀಯಲ್ಲ ಎಂದು.

ಪೀಠದ ಕಡೆಯಿಂದ ಗಂಟೆ ಸದ್ದಾಯಿತು. ಎಲ್ಲರೂ ಮೊಣಕಾಲೂರಿದರು, ಎದ್ದರು. ಪಾದ್ರಿ ಬಗ್ಗಿ ದಂತಕ್ಕೆ ಮುತ್ತಿಟ್ಟರು. ಬಾರ್ತುಲ್ ಅದನ್ನು ತೆಗೆದುಕೊಂಡು ತಿರುಗಿದ. ಅಂಗೈಗಿಂತ ಸ್ವಲ್ಪ ದೊಡ್ಡದು, ಮೇಲೆ ಕಮಾನಿನ ಹಾಗೆ ದುಂಡಗೆ, ಹಿಂದೆ ಹಿಡಿ. ದೂರದಿಂದ ನೋಡಿದರೆ ಮೇಣದ ಬೆಳಕು ಅದರ ಮೇಲೆ ಬಿದ್ದು ಜಾರುವುದಿಲ್ಲ, ಒಳಗೆ ಇಳಿದು ಅಲ್ಲೇ ಇರುತ್ತದೆ. ಬೆಳ್ಳಿಗೂ ಕಲ್ಲಿಗೂ ಆ ಗುಣ ಇಲ್ಲ. ಅವಳ ಅಜ್ಜಿಯ ಅಜ್ಜಿಯ ಕಾಲದಲ್ಲಿ ಹಡಗಿನ ನಾಯಕನೊಬ್ಬ ಬಿರುಗಾಳಿಯಲ್ಲಿ ಬದುಕಿ ಉಳಿದದ್ದಕ್ಕೆ ಹರಕೆಯಾಗಿ ಕೊಟ್ಟಿದ್ದಂತೆ. ಆನೆ ಎಂಬ ಪ್ರಾಣಿಯ ಹಲ್ಲಂತೆ. ದ್ವೀಪದಲ್ಲಿ ಆನೆ ನೋಡಿದವರು ಯಾರೂ ಇಲ್ಲ. ಹಿಂದಿನ ಪಾದ್ರಿ ಮಕ್ಕಳಿಗೆ ಹೇಳುತ್ತಿದ್ದರು: ಉಪ್ಪಿನ ಉಗ್ರಾಣದಷ್ಟು ದೊಡ್ಡದು, ಮೊಣಕಾಲು ಬಾಗುವುದಿಲ್ಲ, ಅದಕ್ಕೇ ಮರಕ್ಕೆ ಒರಗಿ ನಿದ್ದೆ ಮಾಡುತ್ತದೆ, ಮೂಗಿನಿಂದ ಊಟ ಮಾಡುತ್ತದೆ. ಮಕ್ಕಳೆಲ್ಲ ನಗುವಾಗ ಲೂಕ್ಷಾ ಮಾತ್ರ ಕೈ ಎತ್ತಿ ಕೇಳಿದ್ದ, ಹಲ್ಲು ಕಿತ್ತಾಗ ಅದಕ್ಕೆ ನೋವಾಗಲಿಲ್ವಾ ಅಂತ. ಪಾದ್ರಿ ಮುಂದಿನ ಪಾಠಕ್ಕೆ ಹೋದರು. ಮನೆಗೆ ಬಂದು ಅವಳನ್ನು ಕೇಳಿದ. ಅಂದು ಕತ್ತಲಾಗುವವರೆಗೂ ಅವನು ತನ್ನ ಅಲುಗಾಡುವ ಹಾಲುಹಲ್ಲನ್ನು ನಾಲಗೆಯಿಂದ ಮುಟ್ಟಿಕೊಳ್ಳುತ್ತ ಕೂತಿದ್ದ.

ಬಾರ್ತುಲ್ ಗಂಡಸರ ಸಾಲಿನಲ್ಲಿ ಇಳಿಯುತ್ತಿದ್ದ. ಒಬ್ಬೊಬ್ಬರೆದುರೂ ನಿಂತು, "ಸಮಾಧಾನ ನಿನಗಿರಲಿ," ಎನ್ನುವನು. ಅವರು ಬಗ್ಗಿ ಮುತ್ತಿಡುವರು. ಅವನು ನಾರುಬಟ್ಟೆಯಿಂದ ಒಮ್ಮೆ ಒರೆಸಿ ಮುಂದಕ್ಕೆ ಹೋಗುವನು. ಯೂರಾಯ್ ಗಡ್ಡ ಸರಿಸಿಕೊಂಡು ಮುತ್ತಿಟ್ಟ. ಕುಂಟ ಚಮ್ಮಾರ, ಅವನ ಅಳಿಯ, ಇಬ್ಬರು ಬೆಸ್ತರು. ಕೊನೆಗೆ ರಾದೋಶ್. ಅವನು ಬಗ್ಗಿದ. ಉದ್ದ ಕೂದಲು ಮುಂದೆ ಬಿದ್ದು ಮುಖವನ್ನೂ ದಂತವನ್ನೂ ಮುಚ್ಚಿತು. ಅವನು ನೆಟ್ಟಗಾದ. ಬಾರ್ತುಲ್ ಒರೆಸಿದ. ಅವಳ ಕಡೆ ನೋಡಿದ. ಇನ್ನೊಮ್ಮೆ ಒರೆಸಿದ, ಬಟ್ಟೆಯನ್ನು ಮಗುಚಿ ಮತ್ತೂ ಒಮ್ಮೆ, ಹೆಬ್ಬೆರಳು ಒತ್ತಿ. ಮುದುಕನ ಆ ಕರುಣೆ ಎಲ್ಲರಿಗೂ ಕಂಡಿತು. ಅವಳ ಕೆನ್ನೆ ಉರಿಯಿತು. ಕೊಂದವನ ಎಂಜಲನ್ನು ಅವಳಿಗಾಗಿ ಎಲ್ಲರೆದುರು ಒರೆಸಲಾಗುತ್ತಿತ್ತು.

"ಸಮಾಧಾನ ನಿನಗಿರಲಿ ದೇಸಮ್ಮ," ಅಂದ ಬಾರ್ತುಲ್.

ದಂತ ಅವಳ ಮುಖದೆದುರು ಇತ್ತು. ಮದುವೆಯಾಗಿ ಬಂದಾಗಿನಿಂದ ರಾದೋಶ್ ಮರಳುವವರೆಗೂ ಪ್ರತಿ ಭಾನುವಾರ ಅದಕ್ಕೆ ಮುತ್ತಿಟ್ಟಿದ್ದಳು, ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡು. ಈವತ್ತು ಮುಚ್ಚಲಾಗಲಿಲ್ಲ. ನೋಡಿದಳು. ನಡುವೆ ಶಿಲುಬೆ. ಅದರ ಮೇಲಿದ್ದ ಯೇಸುವಿಗೆ ಮುಖವೇ ಇರಲಿಲ್ಲ. ಕಣ್ಣು, ಮೂಗು, ಬಾಯಿ, ಮುಳ್ಳಿನ ಕಿರೀಟ ಯಾವುದೂ ಇಲ್ಲ. ನದಿಯಲ್ಲಿ ಉರುಳಿ ನುಣುಪಾದ ಕಲ್ಲಿನ ಹಾಗೆ ಒಂದು ಉಬ್ಬು. ಎದೆಯ ಎಲುಬು ಸವೆದಿತ್ತು, ಚಾಚಿದ ತೋಳು ಸವೆದು ಬರಿ ಗೆರೆಯಾಗಿತ್ತು. ಎಡಕ್ಕೆ ನಿಂತ ಮರಿಯಮ್ಮನ ಮುಖವೂ ಹೋಗಿತ್ತು, ಅವಳ ಬಟ್ಟೆಯ ಮಡಿಕೆಗಳು ಮಾತ್ರ ಉಳಿದಿದ್ದವು, ಒಂದೊಂದೂ ಸ್ಪಷ್ಟವಾಗಿ. ಇದನ್ನು ಕೆತ್ತಿದವನು ಮುಖಗಳನ್ನು ಕೆತ್ತಿಯೇ ಇದ್ದಿರಬೇಕು, ರೆಪ್ಪೆಯನ್ನೂ ಬಿಡದೆ. ಉಳಿಯಿಂದ ಬಂದ ಮುಖ ತುಟಿಗಳಿಂದ ಹೋಗಿತ್ತು. ಉಕ್ಕಿಗೆ ಮಣಿದು ಆಕಾರ ಪಡೆದದ್ದು ಬಾಯಿಯ ಮೆತ್ತನೆಗೆ ಕರಗಿತ್ತು. ಎಷ್ಟು ಜನ. ಅವಳ ಅತ್ತೆ, ಹಲ್ಲಿಲ್ಲದ ಬಾಯಿಯ ಮಾವ, ಕುಲದ ಗರ್ವದಿಂದ ತುದಿತುಟಿ ಮಾತ್ರ ತಾಗಿಸುತ್ತಿದ್ದ ಕೋಟೆಯ ದೊರೆಸಾನಿ, ಮಹಾಮಾರಿಯ ವರ್ಷ ಹೊಂಡದಲ್ಲಿ ಒಟ್ಟಿಗೆ ಹೂತವರು, ಮುಳುಗಿದ ದೋಣಿಗಳ ಬೆಸ್ತರು, ಒಬ್ಬರ ಮುಖ ಒಬ್ಬರು ನೋಡದಷ್ಟು ಜಗಳವಾಡಿ ಸತ್ತವರು. ಒಬ್ಬೊಬ್ಬರೂ ಬಂದು ಕಣ್ಣಿಗೆ ಕಾಣದಷ್ಟು ಚೂರು ಒಯ್ದಿದ್ದರು, ಕಣ್ಣಿಗೆ ಕಾಣದಷ್ಟು ತಮ್ಮದನ್ನು ಬಿಟ್ಟುಹೋಗಿದ್ದರು. ಬಾರ್ತುಲನ ಬಟ್ಟೆ ಒರೆಸಿದ್ದು ಒದ್ದೆಯನ್ನು. ಇದನ್ನು ಯಾವ ಬಟ್ಟೆ ಒರೆಸೀತು? ಸತ್ತವರ ಬಾಯೆಲ್ಲ ಇಲ್ಲಿ ಇದೆ. ಹಾಗಾದರೆ ಲೂಕ್ಷಾನ ಬಾಯಿಯೂ. ಮಣ್ಣಿನಲ್ಲಿ ಇಟ್ಟದ್ದು ಮಣ್ಣಾಗಿದೆ, ಅವನ ಅಂಗಿ ಮೂರು ಬೇಸಿಗೆಗೆ ಅವನ ವಾಸನೆ ಕಳೆದುಕೊಂಡಿದೆ, ಲೋಕದಲ್ಲಿ ಲೂಕ್ಷಾ ತುಟಿಯಿಟ್ಟು ಇನ್ನೂ ಹಾಗೇ ಉಳಿದಿರುವುದು ಈ ಬಿಳಿ ಹಲ್ಲು ಒಂದೇ.

ಅವನು ಎಲ್ಲಿ ಮುತ್ತಿಡುತ್ತಿದ್ದನೆಂಬುದೂ ಅವಳಿಗೆ ಗೊತ್ತು. ಶಿಲುಬೆಯ ಬುಡದಲ್ಲಿ, ಬಂಡೆಯ ಸಣ್ಣ ಪೊಟರೆಯೊಳಗೆ, ಬಟಾಣಿ ಕಾಳಿನಷ್ಟು ದೊಡ್ಡ ತಲೆಬುರುಡೆಯೊಂದಿದೆ. ಮೊದಲ ಮನುಷ್ಯ ಆದಾಮನದಂತೆ. ಅವಳ ಕಂಕುಳಲ್ಲಿದ್ದ ವಯಸ್ಸಿನಿಂದ ಅವನು ಅಲ್ಲಿಗೇ ಬಾಯಿ ಹಾಕುತ್ತಿದ್ದ. ದೇವರಿಗೆ ಇಡೋ, ಅಂತ ಗದರಿದರೆ, "ಅದಕ್ಕೆ ಯಾರೂ ಕೊಡಲ್ಲಮ್ಮ," ಅಂದಿದ್ದ. ದೊಡ್ಡವನಾಗಿ ಮೀಸೆ ಬಂದ ಮೇಲೂ ಬಿಡಲಿಲ್ಲ. ದೇಸಾ ಬಗ್ಗಿದಳು, ನಡುವನ್ನು ದಾಟಿ ಇನ್ನೂ ಕೆಳಗೆ ಬಗ್ಗಿದಳು. ಬಾರ್ತುಲ್ ಗಲಿಬಿಲಿಯಾಗಿ ದಂತವನ್ನು ಮೇಲಕ್ಕೆತ್ತಿದ. ಆ ಪೊಟರೆಗೆ ತುಟಿಯಿಟ್ಟಳು. ಉಪ್ಪುಪ್ಪಾಗಿತ್ತು. ತನ್ನ ತುಟಿಯ ಉಪ್ಪೇ ಇರಬಹುದು. ಆ ಕ್ಷಣದಲ್ಲಿ ಅವಳ ಹಿಂದೆ ಮಾರುಷಾ ಇರಲಿಲ್ಲ, ಎದುರಿಗೆ ರಾದೋಶ್ ಇರಲಿಲ್ಲ, ದೇವರೂ ಇದ್ದನೆಂದು ಹೇಳಲಾರಳು. ಯಾವುದೋ ಅಪಾರವಾದದ್ದರ ಅಂಚಿಗೆ ಬಾಯಿ ತಾಗಿತ್ತು, ಅದು ಅವಳನ್ನು ನೂಕಲಿಲ್ಲ. ಅಷ್ಟೇ.

ಇಗರ್ಜಿಯ ಉದ್ದಕ್ಕೂ ನಿಟ್ಟುಸಿರೊಂದು ಗಾಳಿಯ ಹಾಗೆ ಹಾದುಹೋಯಿತು. ಯಾರೋ ಅತ್ತರು. ಅವಳಿಗೆ ಮೊದಲು ಅರ್ಥವಾಗಲಿಲ್ಲ.

ಪೂಜೆ ಮುಗಿದು ಹೊರಗೆ ಬಂದಾಗ ಅರ್ಥವಾಯಿತು. ಹೆಂಗಸರು ಅವಳ ತೋಳು ಹಿಡಿದರು, ಬಟ್ಟೆಯ ಅಂಚು ಮುಟ್ಟಿ ಹಣೆಗೆ ಒತ್ತಿಕೊಂಡರು. ಪಾದ್ರಿ ಗ್ರಗುರ್ ಅವಳ ಎರಡೂ ಕೈ ಹಿಡಿದು, "ಈವತ್ತು ನಾನು ಉಪದೇಶ ಮಾಡಬೇಕಾಗಿರಲಿಲ್ಲ ತಾಯಿ," ಎಂದರು, ಅವರ ಕಣ್ಣು ನಿಜವಾಗಿಯೂ ತುಂಬಿತ್ತು. ಯೂರಾಯ್ ತಲೆ ತಗ್ಗಿಸಿ ನಿಂತಿದ್ದ. ಮಾರುಷಾ ಅವಳನ್ನು ತಬ್ಬಿ, "ಅಕ್ಕಾ, ನನ್ನ ಕೈಲಿ ಆಗ್ತಿರಲಿಲ್ಲ. ನಿಜವಾಗ್ಲೂ ಆಗ್ತಿರಲಿಲ್ಲ," ಎಂದು ಬಿಕ್ಕಿದಳು. ದೇಸಾ ಮರದ ಬೊಂಬೆಯ ಹಾಗೆ ನಿಂತಿದ್ದಳು. ನಾನು ಯಾರನ್ನೂ ಕ್ಷಮಿಸಿಲ್ಲ ಎಂದು ಹೇಳಬೇಕಿತ್ತು. ಅವನು ತುಟಿಯಿಟ್ಟ ಜಾಗದಿಂದ ತಪ್ಪಿಸಿಕೊಂಡು, ನನ್ನ ಮಗ ಇದ್ದ ಮೂಲೆಗೆ ಕಳ್ಳಿಯ ಹಾಗೆ ಹೋಗಿಬಂದೆ, ಅಷ್ಟೆ. ಹೇಳಲಿಲ್ಲ. ಹೊಗಳಿಕೆ ಹಿತವಾಗಿಯೂ ಇತ್ತು, ಅದೇ ಹೇಸಿಗೆ. ಬೇರೊಬ್ಬರಿಗೆ ಬಂದ ಉಡುಗೊರೆಯನ್ನು ಬಾಗಿಲಲ್ಲಿ ನಿಂತು ತಾನೇ ಈಸಿಕೊಂಡ ಹಾಗೆ. ತಲೆ ಸುತ್ತುತ್ತಿದೆ, ಗಾಳಿಗೆ ಹೋಗುತ್ತೇನೆ ಎಂದು ಬಿಡಿಸಿಕೊಂಡು, ಮನೆಯ ದಾರಿ ಬಿಟ್ಟು ಉಪ್ಪಿನ ಮಡಿಗಳ ಕಡೆ ಇಳಿದಳು.

ಚಳಿಗಾಲದಲ್ಲಿ ಮಡಿಗಳಲ್ಲಿ ಕೆಲಸವಿಲ್ಲ. ಚೌಕ ಚೌಕ ನಿಂತ ನೀರು, ಗಾಳಿಗೆ ಸುಕ್ಕುಸುಕ್ಕು. ನಡುವೆ ಕಲ್ಲಿನ ಬದುಗಳು. ಒಂದು ಬದುವಿನ ಮರೆಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಹಿಂದೆ ಹೆಜ್ಜೆ ಸದ್ದಾಯಿತು, ದೂರದಲ್ಲೇ ನಿಂತಿತು.

"ಅಮ್ಮಾ."

ಅವಳು ತಿರುಗಲಿಲ್ಲ. ಚಿಕ್ಕಂದಿನಲ್ಲೂ ಹಾಗೇ ಕರೆಯುತ್ತಿದ್ದ. "ಕಾಲಿಗೆ ಬೀಳೋಕೆ ಬಂದಿದ್ರೆ ಹೊರಟುಹೋಗು. ಬೆಳಗಿಂದ ಎಲ್ಲರೂ ಮುಟ್ಟಿ ಮುಟ್ಟಿ ನನ್ನ ಬಟ್ಟೆ ಸವೆದುಹೋಗಿದೆ."

"ಬೀಳಲ್ಲ." ಅವನು ಅಲ್ಲೇ ನಿಂತಿದ್ದ. "ಒಂದು ಮಾತು ಹೇಳ್ಬೇಕಿತ್ತು. ನಾನು ಮುತ್ತಿಟ್ಟಿಲ್ಲ."

"ಏನು?"

"ದಂತಕ್ಕೆ. ವಾಪಸ್ ಬಂದ ಮೇಲೆ ಒಂದು ಸಲಾನೂ ಇಟ್ಟಿಲ್ಲ. ಸುಮ್ನೆ ಬಗ್ತೀನಿ. ಕೂದಲು ಮುಂದೆ ಬೀಳತ್ತೆ, ಯಾರಿಗೂ ಕಾಣಲ್ಲ. ಬಾರ್ತುಲಜ್ಜನಿಗೆ ಮೊದಲೇ ಕಣ್ಣು ಮಂಜು. ನನ್ನ ಎಂಜಲು ಅಂತ ನೀವು ಹಿಂದೆ ಸರಿದದ್ದು ಹೋದ ವಾರ ಗೊತ್ತಾಯ್ತು. ಅದಕ್ಕೇ ಹೇಳೋಣ ಅಂತ ಬಂದೆ. ಅಲ್ಲಿ ನಂದೇನೂ ಇಲ್ಲಮ್ಮ. ನೀವು ಹೆದರಬೇಕಾಗಿಲ್ಲ."

ದೇಸಾಳಿಗೆ ನಗು ಬಂತು. ಬಾಯಿಯಿಂದ ಹೊರಟದ್ದು ನಗುವಿನ ಹಾಗಿರಲಿಲ್ಲ. ಇಷ್ಟು ವಾರ ಏನಕ್ಕೆ ಹೆದರಿದ್ದಳು? ಮುದುಕ ಮೂರು ಮೂರು ಸಲ ಒರೆಸಿದ್ದು ಏನನ್ನು? ಅವನು ಮುತ್ತಿಡದೆ ಇಟ್ಟಂತೆ ಮಾಡಿದ್ದ, ಅವಳು ಕ್ಷಮಿಸದೆ ಕ್ಷಮಿಸಿದಂತೆ ಮಾಡಿದ್ದಳು, ಊರು ಕಣ್ಣೀರಿಟ್ಟಿತ್ತು.

"ನಾನೂ ನಿನ್ನ ಕ್ಷಮಿಸಿಲ್ಲ," ಅಂದಳು. "ಅವರೆಲ್ಲ ಹಾಗೆ ತಿಳ್ಕೊಂಡಿದಾರೆ."

"ಗೊತ್ತು. ನೀವು ಅವನ ಜಾಗಕ್ಕೆ ಇಟ್ಟಿರಿ. ಬುರುಡೆಗೆ. ಅಜ್ಜ ದಂತ ಮೇಲಕ್ಕೆತ್ತಿದಾಗ ಕಾಣಿಸ್ತು."

ಅವಳು ಈಗ ತಿರುಗಿದಳು. ಆ ಜಾಗ ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು, ತಾನು ಸತ್ತ ದಿನ ಅದೂ ಸಾಯುತ್ತದೆ ಎಂದು. ಗಾಳಿಗೆ ಅವನ ಕಣ್ಣಲ್ಲಿ ನೀರಿತ್ತು, ಮೂಗು ಕೆಂಪಾಗಿತ್ತು, ಚಾಚಿದ ಕಿವಿಯೂ.

"ಪಕ್ಕದಲ್ಲೇ ನಿಲ್ತಿದ್ದೆನಲ್ಲ," ಅಂದ ಅವನು, ತಪ್ಪು ಮಾಡಿದವನ ಹಾಗೆ. "ಅಣಕಿಸ್ತಿದ್ದೆ. ಎಲ್ಲರೂ ದೇವರಿಗೆ ಇಟ್ರೆ ನೀನ್ಯಾಕೋ ಹೆಣಕ್ಕೆ ಇಡ್ತೀಯ ಅಂತ. ಅವನು, ಅಲ್ಲಿ ಭಾರಿ ಗಲಾಟೆ ಕಣೋ, ದೇವರಿಗೆ ನನ್ನ ಲೆಕ್ಕ ತಪ್ಪತ್ತೆ, ಈ ಆದಾಮಜ್ಜ ಆದ್ರೆ ನನ್ನ ಮರೆಯಲ್ಲ, ಅಂದ."

ಅದು ಲೂಕ್ಷಾನದೇ ಮಾತು. ಆ 'ಕಣೋ', ಆ ತುಂಟತನ, ವಾಕ್ಯದ ಕೊನೆಗೆ ಬರುವ ಆ ತಿರುವು. ಅವಳು ಎಂದೂ ಕೇಳಿರದ ಮಾತು. ಅವನ ಮಾತುಗಳನ್ನೆಲ್ಲ ಅವಳು ತಿರುಗಿಸಿ ತಿರುಗಿಸಿ ಕೇಳಿ ಸವೆಸಿಬಿಟ್ಟಿದ್ದಳು, ಇನ್ನು ಹೊಸದು ಬರುವಂತಿರಲಿಲ್ಲ. ಈಗ ಈ ಗಾಳಿಯಲ್ಲಿ, ಅವನು ಬಿದ್ದ ಈ ಕಲ್ಲುಗಳ ನಡುವೆ, ಮಗ ಹೊಸದೊಂದು ಮಾತಾಡಿದ. ಮಾತಾಡಿದ್ದು ಇವನ ಬಾಯಿಂದ. ಅವನನ್ನು ಕೊಂದವನ ಬಾಯೊಳಗೆ ಅವನು ಇನ್ನೂ ಇದ್ದ, ಇನ್ನೆಷ್ಟು ಇದ್ದನೋ. ಅವಳಿಗೆ ಭಯವಾಯಿತು, ಇಗರ್ಜಿಯಲ್ಲಿ ದಂತದೆದುರು ಆದ ಭಯವೇ.

"ಇನ್ನೊಂದ್ಸಲ ಹೇಳು," ಅಂದಳು.

ಅವನು ಹೇಳಿದ. ಒಂದು ಕಡಲಹಕ್ಕಿ ಮಡಿಯ ನೀರಿನ ಮೇಲೆ ಇಳಿಯಲು ನೋಡಿ, ಗಾಳಿಗೆ ಆಗದೆ, ಪಕ್ಕಕ್ಕೆ ಹಾರಿಹೋಯಿತು.

"ಬರೋ ಭಾನುವಾರ ಮುತ್ತಿಡು," ಎಂದಳು ದೇಸಾ.

"ಯಾವ ಬಾಯಲ್ಲಿ ಇಡಲಿ ಅಮ್ಮ?"

"ಇರೋದು ಒಂದೇ ಬಾಯಿ. ಅದರಲ್ಲೇ ಇಡು."

"ನಿಮ್ಮ ಸರದಿ ನನ್ನ ಆದ್ಮೇಲೆ ಬರತ್ತೆ."

"ನನ್ನ ಸರದಿ ಯಾವಾಗ ಅಂತ ನನಗೆ ನೀನು ಹೇಳಿಕೊಡಬೇಕಾ?" ಅವಳ ದನಿ ಗಡುಸಾಯಿತು. ಇದು ಕರುಣೆಯೋ ಹೊಸದೊಂದು ಶಿಕ್ಷೆಯೋ ಅವಳಿಗೇ ಗೊತ್ತಿರಲಿಲ್ಲ. ಅವನ ಮುಖ ನೋಡಿದರೆ ಅವನು ಶಿಕ್ಷೆಯೆಂದೇ ತಿಳಿದಂತಿತ್ತು.

ಆದರೂ ತಲೆಯಾಡಿಸಿದ. ಅವಳು ಎದ್ದು ಬಟ್ಟೆ ಕೊಡವಿಕೊಂಡು, ಅವನಿಗೆ ಹೋಗು ಎಂದೂ ಬಾ ಎಂದೂ ಹೇಳದೆ, ಬದುವಿನ ಮೇಲೆ ನಡೆದಳು.

ಆ ವಾರ ಗಾಳಿ ಇಳಿಯಿತು. ಭಾನುವಾರ ಕಿಟಕಿಯಿಂದ ಬಿಸಿಲು ನೇರ ನೆಲಕ್ಕೆ ಬಿದ್ದಿತ್ತು, ಆ ಬರಿನೆಲದ ತುಂಡಿನ ಮೇಲೂ. ಬಾರ್ತುಲ್ ಸಾಲಿನಲ್ಲಿ ಇಳಿಯುತ್ತ ಬಂದ. ರಾದೋಶ್ ಕೂದಲನ್ನು ಹಿಂದಕ್ಕೆ ಕಟ್ಟಿದ್ದ. ದಂತಕ್ಕಾಗಿ ಪಕ್ಕಕ್ಕೆ ತಿರುಗಿ ನಿಂತಾಗ ಮುಖ ಎಲ್ಲರಿಗೂ ಕಾಣುತ್ತಿತ್ತು, ಸುಣ್ಣದಷ್ಟು ಬಿಳಿಚಿತ್ತು. ದಂತ ಎದುರಿಗೆ ಬಂದಾಗ ಅವನು ಬಗ್ಗಲಿಲ್ಲ. ಬಾರ್ತುಲ್ ಮಾತನ್ನು ಎರಡನೆಯ ಸಲ ಹೇಳಬೇಕಾಯಿತು. ಎಲ್ಲರೂ ಅವಳ ಕಡೆ ನೋಡುತ್ತಿರಬೇಕು. ಅವಳು ನೋಡುತ್ತಿದ್ದುದು ಆ ಬಾಯಿಯೊಂದನ್ನೇ. ಬಿರುಕುಬಿಟ್ಟ ತುಟಿ, ಉಪ್ಪುಗಾಳಿಗೆ ಸುಲಿದದ್ದು. ಇಡು, ಅಂದುಕೊಂಡಳು, ಮಗುವಿಗೆ ತುತ್ತು ಇಡುವಾಗ ತಾಯಿಯ ಬಾಯಿ ತಾನೇ ತೆರೆದುಕೊಳ್ಳುವ ಹಾಗೆ ಅವಳ ತುಟಿಯೂ ತೆರೆದಿತ್ತು. ಅವನು ಬಗ್ಗಿದ. ತುಟಿ ತಾಗಿತು, ತಾಗಿ ಅಲ್ಲೇ ಉಳಿಯಿತು. ಅವನ ಭುಜ ಒಮ್ಮೆ ಕುಲುಕಿತು. ಶಿಲುಬೆಗೋ, ಮುಖವಿಲ್ಲದ ಆ ಮುಖಕ್ಕೋ, ಕೆಳಗಿನ ಬುರುಡೆಗೋ, ಅವಳಿದ್ದ ಕಡೆಯಿಂದ ತಿಳಿಯುವಂತಿರಲಿಲ್ಲ. ಅವನು ತಲೆಯೆತ್ತಿದಾಗ ದಂತ ಬಿಸಿಲಲ್ಲಿ ಹೊಳೆಯಿತು, ಉದ್ದಕ್ಕೂ ಒದ್ದೆಯಾಗಿ.

ಬಾರ್ತುಲ್ ಬಟ್ಟೆಗೆ ಕೈ ಹಾಕಿದ. ಅಷ್ಟರಲ್ಲಿ ದೇಸಾ ತನ್ನ ಜಾಗ ಬಿಟ್ಟು, ಆ ನೆಲ ದಾಟಿ, ದಂತದೆದುರಿಗೆ ಬಂದಾಗಿತ್ತು. ಮುದುಕ ಒರೆಸಲು ಮರೆತು ನಿಂತ. ಅವಳು ಕಣ್ಣು ತೆರೆದುಕೊಂಡೇ ಬಗ್ಗಿ, ಒದ್ದೆಯಿದ್ದಲ್ಲಿಯೇ ತುಟಿಯಿಟ್ಟಳು.